ಮೀಟಿಂಗ್‌ನಲ್ಲಿದ್ದೀನಿ ಅಪ್ಪಯ್ಯ

ಮೂರು ಗಂಟೆ ಹತ್ತು ನಿಮಿಷ. ಒಂದು ವಿಡಿಯೋ ಗೇಮ್ ಆಡೋಕೆ ನಾನು ಕ್ಯೂನಲ್ಲಿ ನಿಂತ ಹೊತ್ತು ಅದು. ಅದೂ ದುಡ್ಡು ಕೊಟ್ಟು ಟಿಕೆಟ್ ತಗೊಂಡು, ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು, ಎರಡು ಚಪಾತಿ ಸುತ್ತಿಕೊಂಡು ಹೋಗಿ. ನನ್ನ ಮುಂದೆ ಇದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಹಿಂದೆ ಇದ್ದವನು ಹಣೆಗೆ ಪಟ್ಟಿ ಕಟ್ಟಿ, ಒಂದು ಕಣ್ಣಿಗೆ ಕಪ್ಪು ಬಟ್ಟೆ ಹಾಕಿಕೊಂಡು ಆಟದ ನಾಯಕನ ವೇಷದಲ್ಲೇ ಬಂದಿದ್ದ. ನಡುವೆ ನಾನು: ಮೂವತ್ತಾರು ವರ್ಷ, ಸ್ವಲ್ಪ ಹೊಟ್ಟೆ, ಬೆನ್ನಿಗೆ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು. ಚಿಕ್ಕವನಿದ್ದಾಗ ಊರಿನ ಸೊಸೈಟಿ ಮುಂದೆ ಸೀಮೆಎಣ್ಣೆಗೆ ನಿಂತಿದ್ದು ಬಿಟ್ಟರೆ ಇನ್ಯಾವುದಕ್ಕೂ ಇಷ್ಟು ಹೊತ್ತು ನಿಂತ ನೆನಪಿಲ್ಲ.

ಪ್ರಾಜೆಕ್ಟ್ ಮೇಲೆ ಜರ್ಮನಿಗೆ ಬಂದು ಒಂದು ವರ್ಷವಾಯ್ತು. ನಾನಿರೋದು ಡ್ಯುಸೆಲ್‌ಡಾರ್ಫ್‌ನಲ್ಲಿ. ಅಲ್ಲಿಂದ ಅರ್ಧ ಗಂಟೆ ರೈಲಿನಲ್ಲಿ ಹೋದರೆ ಕಲೋನ್. ರೈನ್ ನದಿಯ ಒಂದು ದಡದಲ್ಲಿ ಅವರ ದೊಡ್ಡ ಚರ್ಚು, ಇನ್ನೊಂದು ದಡದಲ್ಲಿ ವಸ್ತುಪ್ರದರ್ಶನದ ಭಾರಿ ಭಾರಿ ಹಾಲ್‌ಗಳು. ಪ್ರತಿ ಆಗಸ್ಟ್‌ನಲ್ಲಿ ಅಲ್ಲಿ ಗೇಮ್ಸ್‌ಕಾಮ್ ಅಂತ ಜಾತ್ರೆ ನಡೆಯುತ್ತೆ. ಜಾತ್ರೆ ಅಂತ ಸುಮ್ಮನೆ ಹೇಳ್ತಿಲ್ಲ. ನಾನು ಹೋದ ಸಲ, ಅಂದ್ರೆ 2024ರಲ್ಲಿ, ಐದು ದಿನಕ್ಕೆ 3 ಲಕ್ಷ 35 ಸಾವಿರ ಜನ ಬಂದಿದ್ದರಂತೆ. ನಮ್ಮ ಕಡೆ ಜಾತ್ರೆಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಕ್ಯೂ ತಪ್ಪಿಸಿ ಮುಂದೆ ನುಗ್ಗೋರು ಯಾರೂ ಇಲ್ಲ. ಉಳಿದಂತೆ ಅದೇ ಧೂಳು, ಅದೇ ಗದ್ದಲ, ಅದೇ ಕಾಲುನೋವು, ಅಪ್ಪಂದಿರ ಹೆಗಲ ಮೇಲೆ ಅದೇ ಮಕ್ಕಳು. ದೊಡ್ಡವರ ಆಟಗಳ ಕಡೆ ಹೋಗಬೇಕಾದರೆ ಐಡಿ ತೋರಿಸಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಳ್ಳಬೇಕು. ಆ ಹುಡುಗಿ ನನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ವರ್ಷ ನೋಡಿ ನಕ್ಕಳು. ನಗಲಿ.

ನಾನು ನಿಂತಿದ್ದು ಮೆಟಲ್ ಗೇರ್ ಸಾಲಿಡ್ ಡೆಲ್ಟಾ: ಸ್ನೇಕ್ ಈಟರ್ ಅನ್ನೋ ಆಟಕ್ಕೆ. ಆಗ ಇನ್ನೂ ಬಿಡುಗಡೆಯಾಗಿರಲಿಲ್ಲ, ಯಾವಾಗ ಅಂತ ಕಂಪನಿಯವರು ದಿನಾಂಕವನ್ನೂ ಹೇಳಿರಲಿಲ್ಲ. 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದಿದ್ದ ಆಟವನ್ನೇ ಹೊಸ ಎಂಜಿನ್‌ನಲ್ಲಿ ಮತ್ತೆ ಕಟ್ಟುತ್ತಿದ್ದರು. ಮೂಲ ಆಟ ಮಾಡಿದ ಹಿಡಿಯೋ ಕೊಜಿಮಾ ಆ ಕಂಪನಿ ಬಿಟ್ಟು ಆಗ ಒಂಬತ್ತು ವರ್ಷವಾಗುತ್ತಾ ಬಂದಿತ್ತು. ಮನೆ ಕಟ್ಟಿದ ಮೇಸ್ತ್ರಿ ಇಲ್ಲದೆ ಅದೇ ಮನೆಗೆ ಹೊಸ ಗಾರೆ ಮಾಡಿದ ಹಾಗೆ. ನನಗೂ ಅನುಮಾನ ಇತ್ತು. ಆದರೂ ಹೋದೆ.

ಯಾಕೆ ಅಂದ್ರೆ, ಶಿವಮೊಗ್ಗದಲ್ಲಿ ಬಿಇ ಓದುವಾಗ ನಾವು ಐದು ಜನ ಒಂದು ಬಾಡಿಗೆ ಮನೆಯಲ್ಲಿದ್ವಿ. ಒಬ್ಬನ ಮಾವ ದುಬೈನಿಂದ ಹಳೇ ಪ್ಲೇಸ್ಟೇಷನ್ ತಂದುಕೊಟ್ಟಿದ್ದ. ಹದಿನಾಲ್ಕು ಇಂಚಿನ ಟಿವಿ, ಒಂದೇ ಕಂಟ್ರೋಲರ್, ಡಿಸ್ಕ್ ಅಂತೂ ಪಕ್ಕಾ ಪೈರೇಟೆಡ್ಡು. ಉಳಿದವರೆಲ್ಲ ಕ್ರಿಕೆಟ್, ಕುಸ್ತಿ ಆಡೋರು. ರಾತ್ರಿ ಅವರು ಮಲಗಿದ ಮೇಲೆ ನಾನು ಈ ಆಟ ಹಾಕ್ತಿದ್ದೆ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ ನಾನು. ಈ ಆಟದಲ್ಲೋ ಮಾತೋ ಮಾತು. ರೇಡಿಯೋದಲ್ಲಿ ಮೇಜರ್ ಒಬ್ಬ ಮಾತು ಶುರು ಮಾಡಿದರೆ ಹತ್ತು ನಿಮಿಷ ನಿಲ್ಲಿಸ್ತಿರಲಿಲ್ಲ. ಕೆಳಗೆ ಬರೋ ಅಕ್ಷರ ಓದಿಕೊಂಡು, ಅರ್ಥವಾಗದ ಪದವನ್ನು ಲ್ಯಾಬ್ ರೆಕಾರ್ಡಿನ ಹಿಂಬದಿ ಬರೆದಿಟ್ಟುಕೊಂಡು, ಬೆಳಿಗ್ಗೆ ಡಿಕ್ಷನರಿ ನೋಡ್ತಿದ್ದೆ. ಮೊದಲ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ನನ್ನ ಇಂಗ್ಲಿಷ್ ಒಬ್ಬ ಮಿಲಿಟರಿ ಆಫೀಸರನ ಇಂಗ್ಲಿಷ್ ಇದ್ದ ಹಾಗಿತ್ತು ಅಂತ ಗೆಳೆಯರು ಈಗಲೂ ಆಡ್ಕೋತಾರೆ.

ಕ್ಯೂನಲ್ಲಿ ನಿಂತಾಗ ಇದನ್ನೆಲ್ಲ ನೆನೆಸಿಕೊಳ್ಳೋದಕ್ಕೆ ಪುರಸೊತ್ತು ಚೆನ್ನಾಗಿಯೇ ಇತ್ತು. ಆದರೆ ಮನಸ್ಸು ಪೂರ್ತಿ ಅಲ್ಲಿರಲಿಲ್ಲ. ಕಾರಣ ಅಪ್ಪಯ್ಯ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಒಂದು ಎಕರೆ ಗದ್ದೆ, ಮನೆ ಹಿಂದೆ ಸ್ವಲ್ಪ ತೋಟ. ನಮ್ಮ ಬಯಲಿನಲ್ಲಿ ಒಬ್ಬೊಬ್ಬರಾಗಿ ಗದ್ದೆ ಬಿಟ್ಟು ಅಡಿಕೆ ಹಾಕಿಬಿಟ್ಟಿದ್ದಾರೆ. ಭತ್ತಕ್ಕೆ ಆಳು ಸಿಗಲ್ಲ, ಸಿಕ್ಕರೂ ಗಿಟ್ಟಲ್ಲ, ಗಿಟ್ಟಿದರೂ ಕೊನೆಗೆ ಹಂದಿ ಬಿಡಲ್ಲ. ಸುತ್ತ ತೋಟ, ನಡುವೆ ನಮ್ಮದೊಂದೇ ಗದ್ದೆ. ಹಂದಿಗಳಿಗೆ ಬೇರೆ ಮನೆ ಹುಡುಕೋ ಕಷ್ಟವೂ ಇಲ್ಲ. ಎರಡು ವಾರದ ಹಿಂದೆ ಅಪ್ಪಯ್ಯ ಫೋನ್‌ನಲ್ಲಿ ಕೇಳಿದ್ದರು: ‘ಈ ಸಲ ಕೊಯ್ಲು ಆದಮೇಲೆ ಗದ್ದೆಗೆ ಅಡಿಕೆ ಹಾಕದಾ ಹೆಂಗೆ? ಸಸಿಗೆ ಈಗ್ಲೇ ಹೇಳಿಡ್ಬೇಕು. ಎಷ್ಟು ಅಂತ ಯೋಚ್ನೆ ಮಾಡಿ ಹೇಳು.’

ಕೇಳಿದ್ದು ಸಸಿಯ ಲೆಕ್ಕ. ಎಕರೆಗೆ ಐನೂರು ಚಿಲ್ಲರೆ ಅಂತ ಅವರಿಗೇ ಗೊತ್ತು, ನನ್ನನ್ನು ಕೇಳಬೇಕಾಗಿಲ್ಲ. ಅಡಿಕೆ ಗಿಡ ಕಣ್ಣಿಗೆ ಕಾಣೋ ಫಸಲು ಕೊಡೋಕೆ ಆರೇಳು ವರ್ಷ ಬೇಕು. ಅಪ್ಪಯ್ಯನಿಗೆ ಈಗ ಅರವತ್ತೆಂಟು. ಜೊತೆಗೆ ನಮ್ಮ ಕಡೆ ಎಲೆಚುಕ್ಕಿ ರೋಗ ಬಂದು ಒಳ್ಳೊಳ್ಳೆ ತೋಟಗಳೇ ಸುಟ್ಟ ಹಾಗೆ ಕಾಣ್ತಿವೆ. ಔಷಧಿ ಹೊಡೆಸೋಕೆ, ಬಸಿಗಾಲುವೆ ನೋಡೋಕೆ ಮನುಷ್ಯ ಅಲ್ಲೇ ಇರಬೇಕು. ಯಾರು ಆ ಮನುಷ್ಯ ಅನ್ನೋದೇ ಅವರ ಪ್ರಶ್ನೆ. ‘ನೋಡಿ ಹೇಳ್ತೀನಿ’ ಅಂದೆ. ಆಮೇಲೆ ಅವರು ಫೋನ್ ಮಾಡಿದಾಗಲೆಲ್ಲ ನಾನು ಮೀಟಿಂಗ್‌ನಲ್ಲಿದ್ದೆ.

ಮಧ್ಯಾಹ್ನ ಒಂದೂವರೆ ದಾಟಿದ ಮೇಲೆ ನನ್ನ ಸರದಿ ಬಂತು. ಕಪ್ಪು ಟೀ ಶರ್ಟಿನ ಹುಡುಗ ಕುರ್ಚಿ ತೋರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟು, ಕಂಟ್ರೋಲರನ್ನು ಬಟ್ಟೆಯಲ್ಲಿ ಒರೆಸಿಕೊಟ್ಟ. ಈ ಕಥೆ ಶುರುವಾಗೋದು ಎಲ್ಲಿ ಗೊತ್ತಾ? ಪಾಕಿಸ್ತಾನದ ಆಕಾಶದಲ್ಲಿ. 1964ರ ಆಗಸ್ಟ್ 24ರ ಬೆಳಗಿನ ಜಾವ, ಒಬ್ಬ ಅಮೆರಿಕನ್ ಗೂಢಚಾರ ವಿಮಾನದಿಂದ ರಷ್ಯಾದ ಕಾಡಿಗೆ ಹಾರಬೇಕು. ಅಲ್ಲಿ ಸಿಕ್ಕಿಹಾಕಿಕೊಂಡಿರೋ ವಿಜ್ಞಾನಿಯನ್ನು ಕರೆತರಬೇಕು, ಬಂದುಹೋಗಿದ್ದು ಯಾರಿಗೂ ಗೊತ್ತಾಗಬಾರದು. ನಾನು ಆಡಿದ್ದೂ ಆಗಸ್ಟ್ 24ನೇ ತಾರೀಖೇ, ಸರಿಯಾಗಿ ಅರವತ್ತು ವರ್ಷಕ್ಕೆ. ಪಕ್ಕದ ಹುಡುಗನಿಗೆ ಹೇಳೋಣ ಅನ್ನಿಸಿತು. ಅವನು ಆಗಲೇ ಕಾಡಿನಲ್ಲಿದ್ದ.

ಕಾಡು ಚೆನ್ನಾಗಿದೆ. ಇದನ್ನ ಒಪ್ಪಲೇಬೇಕು. ಹಳೇ ಆಟದಲ್ಲಿ ಹುಲ್ಲು ಅಂದ್ರೆ ಹಸಿರು ಬಣ್ಣ ಬಳಿದ ಪೇಪರ್ ತುಂಡುಗಳು, ನಾವು ಮನಸ್ಸಿನಲ್ಲೇ ಹುಲ್ಲು ಅಂದ್ಕೋಬೇಕಿತ್ತು. ಇಲ್ಲಿ ಬಳ್ಳಿ, ಪಾಚಿ, ಕೊಳೆತ ಎಲೆ, ಮರದ ಸಂದಿಯಿಂದ ಬೀಳೋ ಬಿಸಿಲು ಎಲ್ಲಾ ಇದೆ. ಕೆಸರಲ್ಲಿ ತೆವಳಿದರೆ ಬಟ್ಟೆಗೆ ಕೆಸರು ಹತ್ತುತ್ತೆ, ಒಣ ಎಲೆ ಅಂಟಿಕೊಳ್ಳುತ್ತೆ. ಹಳೆಯದರಲ್ಲಿ ಒಂದೋ ನಿಂತು ನಡೀಬೇಕು, ಇಲ್ಲಾ ಹೊಟ್ಟೆ ಮೇಲೆ ತೆವಳಬೇಕು. ಹೊಸದರಲ್ಲಿ ಸೊಂಟ ಬಗ್ಗಿಸಿ ನಡೆಯಬಹುದು. ಕೇಳೋಕೆ ಸಣ್ಣದು. ಆದರೆ ಕಾಡಲ್ಲಿ ಕದ್ದು ನಡೆಯೋ ಯಾವ ಮನುಷ್ಯನೂ ನಡೆಯೋದು ಹಾಗೇ ಅಲ್ವಾ? ಈ ಒಂದು ಬದಲಾವಣೆಗಾದರೂ ಮೇಸ್ತ್ರಿ ಇಲ್ಲದ ಗಾರೆ ಕೆಲಸವನ್ನ ನಾನು ಮನ್ನಿಸಿದೆ.

ಮೊದಲು ಮರದ ಮೇಲೆ ಸಿಕ್ಕಿಕೊಂಡಿರೋ ಬ್ಯಾಗ್ ಇಳಿಸಿಕೊಳ್ಳಬೇಕು, ಆಮೇಲೆ ಮೊಸಳೆ ಇರೋ ಕೆಸರು ದಾಟಬೇಕು. ಅದೆಲ್ಲ ಸಲೀಸು. ಅದಾದ ಮೇಲೆ ಮೊದಲ ಸಲ ಸೈನಿಕರು ಸಿಗ್ತಾರೆ. ನಾನು ಎತ್ತರದ ಹುಲ್ಲಲ್ಲಿ ಬೋರಲು ಮಲಗಿದೆ.

ಈ ಆಟದ ಜೀವ ಇರೋದು ಸ್ಕ್ರೀನಿನ ಮೂಲೆಯಲ್ಲಿರೋ ಒಂದು ಅಂಕಿಯಲ್ಲಿ. ನೀವು ಎಷ್ಟು ಪರ್ಸೆಂಟ್ ಕಾಣಿಸ್ತಿಲ್ಲ ಅನ್ನೋ ಲೆಕ್ಕ ಅದು. ಹುಲ್ಲಿಗೆ ಹುಲ್ಲಿನ ಬಣ್ಣದ ಅಂಗಿ, ಕೆಸರಿಗೆ ಕೆಸರಿನ ಬಣ್ಣದ್ದು, ಮುಖಕ್ಕೂ ತಕ್ಕ ಬಣ್ಣ. ನಿಂತರೆ ಅಂಕಿ ಇಳಿಯುತ್ತೆ, ಮಲಗಿದರೆ ಏರುತ್ತೆ, ಅಲ್ಲಾಡಿದರೆ ಮತ್ತೆ ಇಳಿಯುತ್ತೆ. ಕಾಲೇಜಲ್ಲಿ ಆಡುವಾಗ ನನಗೆ ಈ ಅಂಕಿಯ ಹುಚ್ಚು ಹಿಡಿದಿತ್ತು. ಬೆಂಗಳೂರಿಗೆ ಬಂದ ಮೊದಲ ವರ್ಷ ಆಫೀಸಿನ ಕ್ಯಾಂಟೀನಲ್ಲಿ ಕೂತಾಗಲೂ ಮೂಲೆಯಲ್ಲಿ ಆ ಅಂಕಿ ಕಾಣಿಸ್ತಿತ್ತು ಅಂದ್ರೆ ನಂಬಿ. ‘ಎಂತದು’ ಅನ್ನೋ ಬದಲು ‘ಏನು’ ಅಂದರೆ ಹತ್ತು ಪರ್ಸೆಂಟ್ ಮೇಲೆ. ಸ್ಪೂನಲ್ಲಿ ಅನ್ನ ತಿಂದರೆ ಇನ್ನೊಂದು ಹತ್ತು.

ಈಗ ಎಂಬತ್ತು ಇತ್ತು. ಉಸಿರು ಬಿಗಿಹಿಡಿದೆ. ಸೈನಿಕನ ಬೂಟು ನನ್ನ ಮೂಗಿನ ಮುಂದೆ ಹಾದುಹೋಯ್ತು. ಸುತ್ತ ಸಾವಿರಾರು ಜನರ ಕಿರುಚಾಟ ಇದ್ದರೂ ನನಗೆ ಕೇಳ್ತಿದ್ದದ್ದು ಹುಳುಗಳ ಸದ್ದು ಮಾತ್ರ. ಅಷ್ಟರಲ್ಲಿ ಏನೋ ಒಂದು ಸರಿಯಿಲ್ಲ ಅನ್ನಿಸ್ತು. ಹುಲ್ಲು ಗಾಳಿಗೆ ಬಾಗ್ತಿತ್ತು. ನನ್ನ ಕಡೆಯಿಂದ ಅವನ ಕಡೆಗೆ. ನಾನು ತಪ್ಪು ಕಡೆ ಮಲಗಿದ್ದೆ.

ಆಟದಲ್ಲಿ ಅದು ತಪ್ಪಲ್ಲ. ನಾನು ಆಡಿದಷ್ಟು ಹೊತ್ತಲ್ಲಿ ಯಾವ ಸೈನಿಕನೂ ಗಾಳಿ ಹಿಡಿದು ಬರಲಿಲ್ಲ. ನೋಡ್ತಾರೆ, ಕೇಳಿಸಿಕೊಳ್ತಾರೆ, ಮೂಗಿಗೆ ಕೆಲಸ ಇಲ್ಲ. ತಪ್ಪು ಅಂತ ಹೇಳಿದ್ದು ಬೇರೆಯವರ ದನಿ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಅಪ್ಪಯ್ಯನ ಜೊತೆ ಮಾಳಕ್ಕೆ ಹೋಗಿದ್ದೆ. ಗೊತ್ತಿಲ್ಲದವರಿಗೆ: ಮಾಳ ಅಂದ್ರೆ ಗದ್ದೆ ಕಾಯೋಕೆ ಕಟ್ಟೋ ಅಟ್ಟಣೆ. ನಾಲ್ಕು ಕಂಬ, ಮೇಲೆ ಅಡಿಕೆ ದಬ್ಬೆ, ಅದರ ಮೇಲೆ ಹುಲ್ಲಿನ ಮಾಡು, ಕೆಳಗೆ ಬೆಂಕಿ. ಕಾರ್ತಿಕದ ಚಳಿ, ಭತ್ತ ಹಣ್ಣಾಗಿತ್ತು. ಒಂದು ಕಂಬಳಿ, ಮೂರು ಸೆಲ್ಲಿನ ಬ್ಯಾಟರಿ, ಬಡಿಯೋಕೆ ಒಂದು ಹಳೇ ಡಬ್ಬ. ಸುಮಾರು ಎರಡು ಗಂಟೆಗೆ ಅಪ್ಪಯ್ಯ ನನ್ನ ಭುಜ ಮುಟ್ಟಿದರು. ಏನೂ ಸದ್ದಿರಲಿಲ್ಲ. ಅದೇ ವಿಷಯ. ಅಲ್ಲಿವರೆಗೆ ವಟಗುಟ್ತಿದ್ದ ಕಪ್ಪೆಗಳು ಕೆಳಗಿನ ಮೂಲೆಯಲ್ಲಿ ಮಾತ್ರ ಸುಮ್ಮನಾಗಿದ್ದವು.

ಅಲ್ಲಿಂದಲೇ ಡಬ್ಬ ಬಡಿದಿದ್ರೆ ಹಂದಿ ಓಡ್ತಿತ್ತು. ಆದರೆ ಎತ್ತ ಓಡುತ್ತೆ? ನಾವು ಕಾಡಿನ ಕಡೆ ನಿಂತು ಸದ್ದು ಮಾಡಿದರೆ ಅದು ಗದ್ದೆ ಒಳಗೇ ನುಗ್ಗುತ್ತೆ, ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚಾಗುತ್ತೆ. ಅದಕ್ಕೇ ಸುತ್ತುಹಾಕಿ, ಗದ್ದೆಗೂ ಹಂದಿಗೂ ನಡುವೆ ಹೋಗಿ, ಆಮೇಲೆ ಬಡೀಬೇಕು. ಬ್ಯಾಟರಿ ಹಾಕದೆ ಬದುವಿನ ಮೇಲೆ ನಡೆದ್ವಿ. ಅಪ್ಪಯ್ಯ ಒಂದು ಹುಲ್ಲುಕಡ್ಡಿ ಕಿತ್ತು ಬಿಟ್ಟು ಗಾಳಿ ನೋಡಿದರು. ನನ್ನ ಕಿವಿ ಹತ್ರ ಬಾಯಿಟ್ಟು ‘ಹಿಮ್ಮಡಿ ಊರಬೇಡ, ಮೊದ್ಲು ಕಾಲಿನ ಹೊರಗಡೆ ಅಂಚು ಇಡು, ಕಡ್ಡಿ ಇದ್ರೆ ಗೊತ್ತಾಗತ್ತೆ’ ಅಂದರು. ಹಂದಿಗಳು ಒಟ್ಟು ಒಂಬತ್ತು. ಎಣಿಸಿದೆ. ಮರಿಗಳೂ ಇದ್ದವು. ಭತ್ತದ ತೆನೆಯನ್ನ ಬಾಯಲ್ಲಿ ಎಳೆದು ಜಗಿಯೋ ಸದ್ದು ಎಷ್ಟು ಹತ್ರ ಕೇಳ್ತಿತ್ತು ಅಂದ್ರೆ, ಅಪ್ಪಯ್ಯ ಡಬ್ಬ ಬಡಿದಾಗ ಅವಕ್ಕಿಂತ ಮೊದಲು ಹಾರಿಬಿದ್ದದ್ದು ನಾನು. ಇಪ್ಪತ್ತಾರು ವರ್ಷ ಆಯ್ತು. ಕಾಲಿನ ಹೊರಗಡೆ ಅಂಚು ಇಡೋದನ್ನ ಈಗಲೂ ಮರೆತಿಲ್ಲ. ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆಗೆ ಹೋಗೋದು ಹಾಗೇ.

ಹೆಡ್‌ಫೋನ್ ಹಾಕಿಕೊಂಡು, ಕೈಲಿ ಕಂಟ್ರೋಲರ್ ಹಿಡಿದು, ಗಾಳಿಯ ಈ ಕಡೆಯಿಂದ ಆ ಕಡೆ ಹೋಗೋಣ ಅಂತ ನಿಧಾನಕ್ಕೆ ತೆವಳೋಕೆ ಶುರು ಮಾಡಿದೆ. ಅಗತ್ಯವೇ ಇರಲಿಲ್ಲ. ಇನ್ನೇನು ಮರದ ಹಿಂದೆ ತಲುಪಬೇಕು, ಪ್ಯಾಂಟಿನ ಜೇಬಲ್ಲಿ ಫೋನ್ ಗುರ್ ಅಂತು. ಬೆಚ್ಚಿದೆ. ಹೆಬ್ಬೆರಳು ಜೋರಾಗಿ ಒತ್ತಿತು. ಸೈನಿಕ ತಿರುಗಿದ. ಅವನ ತಲೆ ಮೇಲೆ ಆ ಪ್ರಸಿದ್ಧ ಆಶ್ಚರ್ಯಸೂಚಕ ಚಿಹ್ನೆ, ಜೊತೆಗೆ ಎದೆ ಧಸಕ್ ಅನ್ನಿಸೋ ಆ ಸದ್ದು. ಆಡಿದವರಿಗೆ ಗೊತ್ತು, ನಿದ್ದೆಯಲ್ಲಿ ಕೇಳಿದರೂ ಎದ್ದು ಕೂರೋ ಸದ್ದು ಅದು. ನಾಲ್ಕು ದಿಕ್ಕಿಂದ ಗುಂಡು ಶುರುವಾಯ್ತು.

ಇಂಡಿಯಾದಲ್ಲಿ ಸಂಜೆ ಐದು ದಾಟಿತ್ತು. ಅಪ್ಪಯ್ಯ ಕೊಟ್ಟಿಗೆ ಕೆಲಸಕ್ಕೆ ಮೊದಲು ಫೋನ್ ಮಾಡೋ ಹೊತ್ತು. ಒಂದು ಕೈಯಲ್ಲಿ ಕಾಲ್ ಕಟ್ ಮಾಡಿ, ಅದೇ ಕೈಯಲ್ಲಿ ‘ಮೀಟಿಂಗ್‌ನಲ್ಲಿದ್ದೀನಿ ಅಪ್ಪಯ್ಯ’ ಅಂತ ಕಳಿಸಿದೆ. ಅಷ್ಟರಲ್ಲಿ ಸ್ಕ್ರೀನಿನಲ್ಲಿ ನಾನು ಸತ್ತಿದ್ದೆ.

ಕಪ್ಪು ಟೀ ಶರ್ಟಿನ ಹುಡುಗ ಮತ್ತೆ ಶುರು ಮಾಡಿ ಅಂತ ಸನ್ನೆ ಮಾಡಿದ. ಮಾಡಿದೆ. ಆದರೆ ಆಮೇಲೆ ಆಡಿದ್ದು ಆಟವಲ್ಲ, ಗಡಿಯಾರ ನೋಡೋ ಕೆಲಸ. ನನ್ನ ಹೊತ್ತು ಮುಗಿಯಿತು ಅಂದಾಗ ಎದ್ದು, ಉಳಿದ ಹಾಲ್‌ಗಳನ್ನ ಸುಮ್ಮನೆ ಸುತ್ತಿ, ಚಪಾತಿ ತಿಂದು ಹೊರಗೆ ಬಂದೆ.

ಮೇಳದಿಂದ ಊರ ಕಡೆ ಹೋಗೋಕೆ ಹೋಹೆನ್‌ಝೋಲರ್ನ್ ಅಂತ ಒಂದು ರೈಲು ಸೇತುವೆ ಇದೆ. ಪಕ್ಕದಲ್ಲಿ ನಡೆಯೋಕೆ ದಾರಿ. ಅದರ ಜಾಲರಿ ತುಂಬ ಪ್ರೇಮಿಗಳು ಹಾಕಿದ ಬೀಗಗಳು, ಕೀಲಿ ಎಲ್ಲಾ ನದಿಗೆ. ನಡುವೆ ನಿಂತು ಫೋನ್ ಮಾಡಿದೆ. ಊರಲ್ಲಿ ಏಳೂವರೆ. ಹಿಂದೆ ಮಳೆ ಹಂಚಿನ ಮೇಲೆ ಬೀಳೋ ಸದ್ದು.

‘ಶನಿವಾರನೂ ಮೀಟಿಂಗಾ ಮಾರಾಯ?’

‘ಮೀಟಿಂಗ್ ಅಲ್ಲ ಅಪ್ಪಯ್ಯ. ಆಟ ಆಡ್ತಿದ್ದೆ.’

‘ಎಂತ ಆಟ?’

‘ವಿಡಿಯೋ ಗೇಮ್. ಕಾಡಲ್ಲಿ ಅಡಗಿಕೊಂಡು ಹೋಗೋದು. ಯಾರಿಗೂ ಕಾಣಬಾರದು.’

ಸ್ವಲ್ಪ ಹೊತ್ತು ಮಳೆ ಮಾತ್ರ ಕೇಳಿಸ್ತು. ‘ಸಿಕ್ಕಿಬಿದ್ಯಾ?’

‘ಹೂಂ. ನಿಮ್ಮ ಫೋನ್ ಬಂತಲ್ಲ, ಸಿಕ್ಕಿಬಿದ್ದೆ.’

ಅಪ್ಪಯ್ಯ ನಕ್ಕರು. ಅವರು ನಕ್ಕರೆ ಕೊನೆಗೆ ಕೆಮ್ಮು ಬರುತ್ತೆ. ಅದು ನಿಲ್ಲೋವರೆಗೆ ಕಾದು, ಇನ್ನು ಅವರು ಕೇಳೋ ಮೊದಲೇ ಹೇಳಿಬಿಡೋಣ ಅಂತ ಬಾಯಿಬಿಟ್ಟೆ. ‘ಅಪ್ಪಯ್ಯ, ಸಸಿ ವಿಷಯ. ನಾನು ವಾಪಸ್ ಬರ್ತೀನೋ ಇಲ್ವೋ ನಂಗೇ ಗೊತ್ತಿಲ್ಲ. ಬರ್ತೀನಿ ಅಂದ್ರೂ ಸುಳ್ಳಾಗತ್ತೆ, ಬರಲ್ಲ ಅಂದ್ರೂ ಸುಳ್ಳಾಗತ್ತೆ.’

‘ಗೊತ್ತಿಲ್ಲ ಅನ್ನಕ್ಕೆ ಹದಿನೈದು ದಿನ ಬೇಕಾಯ್ತಾ?’

ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ರೈಲು ಹೋಯ್ತು, ಸೇತುವೆ ಅದುರಿತು. ಅವರಿಗೂ ಕೇಳಿಸಿರಬೇಕು.

‘ನೀನು ಬರಲ್ಲ ಅಂತಿದ್ರೂ ನಾನು ಹಾಕೋನೇ ಇದ್ದೆ’ ಅಂದರು. ‘ನಿಂಗೆ ಅಂತ ಅಲ್ಲ. ಸುತ್ತ ತೋಟ ಆಗಿ ನಡುವೆ ಗದ್ದೆ ಇಟ್ಕೊಂಡ್ರೆ ನೀರೂ ನಿಲ್ಲಲ್ಲ, ಬಿಸಿಲೂ ಬರಲ್ಲ. ಕೇಳ್ದೆ ಹಾಕಿದ್ರೆ ನಾಳೆ ನೀನೇ ಬೇಜಾರ್ ಮಾಡ್ಕೋತಿದ್ದೆ. ಅದಕ್ಕೆ ಕೇಳಿದ್ದು.’

ಅಂದ್ರೆ ನಾನು ಹದಿನೈದು ದಿನ ಹುಲ್ಲಲ್ಲಿ ಮಲಗಿದ್ದು ನನ್ನನ್ನು ಹುಡುಕದೇ ಇದ್ದವರಿಂದ. ಇದನ್ನು ಕೇಳಿ ನಿರಾಳ ಆಗಬೇಕಿತ್ತು. ಆಗಲಿಲ್ಲ. ‘ಹಂಗಾದ್ರೆ ಈ ವರ್ಷದ ಭತ್ತವೇ ಕೊನೇದಾ?’ ಅಂತ ಕೇಳಿದೆ.

‘ಹೂಂ ಮತ್ತೆ. ನಾಟಿ ಆಗಿದೆ, ಚೆನ್ನಾಗಿದೆ. ಹಂದಿ ಉಳಿಸಿದ್ರೆ ನಾವು ಉಣ್ಣದು.’ ಆಮೇಲೆ ಅವರೇ ವಿಷಯ ಬದಲಾಯಿಸಿದರು. ‘ಆಟದ ಹೆಸರೆಂತದು?’ ಸ್ನೇಕ್ ಈಟರ್ ಅಂತ ಹೇಳಿ, ಹಸಿವಾದರೆ ಆ ಮನುಷ್ಯ ಹಾವು ಹಿಡಿದು ತಿನ್ನಬೇಕು ಅಂತ ವಿವರಿಸಿದೆ. ‘ಥೂ’ ಅಂದರು. ‘ಊಟ ಮಾಡಿದ್ಯಾ ನೀನು?’

ರೈಲಿನಲ್ಲಿ ವಾಪಸ್ ಬರುವಾಗ ಫೋನಿನಲ್ಲೇ ರಜೆ ಅರ್ಜಿ ತೆರೆದೆ. ನವೆಂಬರಿನಲ್ಲಿ ಎರಡು ವಾರ. ಕಾರಣ ಅನ್ನೋ ಜಾಗದಲ್ಲಿ ಯಾವಾಗಲೂ ಬರೆಯೋ ಹಾಗೆ ‘ವೈಯಕ್ತಿಕ’ ಅಂತ ಟೈಪ್ ಮಾಡಿ, ಅಳಿಸಿ, ‘ಅಪ್ಪನ ಜೊತೆ ಕಾಡುಹಂದಿಯಿಂದ ಭತ್ತದ ಗದ್ದೆ ಕಾಯುವುದು’ ಅಂತ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿಬಿಟ್ಟೆ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನನ್ನ ಟೇಬಲ್ ಹತ್ರ ಬಂದರು. ಐವತ್ತು ದಾಟಿದ ಹೆಂಗಸು, ಒಂದು ವರ್ಷದಲ್ಲಿ ಕೆಲಸ ಬಿಟ್ಟು ಬೇರೆ ಮಾತಾಡಿದ್ದು ನೆನಪಿಲ್ಲ. ತಮಾಷೆಗೆ ಬರೆದದ್ದಾ ಅಂತ ಕೇಳಬಹುದು ಅಂದ್ಕೊಂಡಿದ್ದೆ. ಅವರು ಕೇಳಿದ್ದು ‘ನಿಮ್ಮಲ್ಲೂ ಗುಂಪಾಗಿ ಬರ್ತಾವಾ?’ ಅಂತ. ಅವರ ತವರು ಐಫೆಲ್ ಬೆಟ್ಟಗಳ ಕಡೆಯಂತೆ, ಅಣ್ಣ ಮೆಕ್ಕೆಜೋಳ ಬೆಳೀತಾರಂತೆ. ಫೋನ್ ತೆಗೆದು ಫೋಟೋ ತೋರಿಸಿದರು. ಹೊಲದ ಅಂಚು, ನಾಲ್ಕು ಮರದ ಕಂಬ, ಏಣಿ, ಮೇಲೊಂದು ಪುಟ್ಟ ಗೂಡು. ಹೋಖ್‌ಸಿಟ್ಸ್ ಅಂತಾರೆ ಅದಕ್ಕೆ. ರೈಲಿನ ಕಿಟಕಿಯಿಂದ ವರ್ಷವಿಡೀ ನೋಡಿದ್ದೆ, ಏನಂತ ಕೇಳಿರಲಿಲ್ಲ.

‘ನಿಮ್ಮದಕ್ಕೆ ಏನು ಹೆಸರು?’

‘ಮಾಳ’ ಅಂದೆ.

ಅವರು ಎರಡು ಸಲ ಹೇಳಿನೋಡಿದರು. ಳಕಾರ ಬರಲಿಲ್ಲ. ರಜೆ ಮಂಜೂರಾಯ್ತು.